ಹೊಗೆಯ ಹಾದಿಯ ಲೆಕ್ಕ

ಚಳಿಗಾಲದ ಮುಂಜಾನೆ ಊರ ಹೊರಗಿನ ಆಲೆಮನೆಯನ್ನು ದೂರದಿಂದ ನೋಡಿದವರು ಒಂದು ವಿಶೇಷವನ್ನು ಗಮನಿಸಿರಬಹುದು. ಒಲೆಯಿಂದೆದ್ದ ಹೊಗೆ ಸ್ವಲ್ಪ ಮೇಲೇರಿ, ಅಲ್ಲಿಂದ ಮುಂದಕ್ಕೆ ಏರಲಾರದೆ, ಯಾರೋ ಗೆರೆ ಎಳೆದಂತೆ ಅಡ್ಡಲಾಗಿ ಹಾಸಿಕೊಂಡು ಗದ್ದೆಬಯಲಿನ ಮೇಲೆ ನಿಂತಿರುತ್ತದೆ. ಅದೇ ಆಲೆಮನೆಯನ್ನು ನಡುಹಗಲಿನಲ್ಲಿ ನೋಡಿದರೆ ಹೊಗೆ ಏಳುತ್ತ, ಬೀಳುತ್ತ, ಸುಳಿಯುತ್ತ ಸ್ವಲ್ಪ ಹೊತ್ತಿನಲ್ಲಿಯೇ ಚದರಿ ಕಣ್ಮರೆಯಾಗುತ್ತದೆ. ಒಲೆ ಒಂದೇ, ಉರುವಲು ಒಂದೇ, ಹೊಗೆಯ ಪ್ರಮಾಣವೂ ಒಂದೇ. ಬದಲಾದುದು ಗಾಳಿಯ ಸ್ವಭಾವ ಮಾತ್ರ.

ನೋಡುವುದಕ್ಕೆ ಇದೊಂದು ಸಣ್ಣ ಸಂಗತಿ. ಆದರೆ ಆಲೆಮನೆಯ ಜಾಗದಲ್ಲಿ ಒಂದು ದೊಡ್ಡ ಕಾರ್ಖಾನೆಯನ್ನು ಊಹಿಸಿಕೊಳ್ಳಿ. ಅದರಿಂದ ಎರಡು ಮೂರು ಕಿಲೋಮೀಟರು ದೂರದಲ್ಲಿ ಒಂದು ಹಳ್ಳಿಯಿದೆಯೆನ್ನಿ. ಕಾರ್ಖಾನೆ ಇನ್ನೂ ಕಟ್ಟಿಲ್ಲ. ಕಟ್ಟಬೇಕೆಂಬ ಯೋಚನೆ ಕಾಗದದ ಮೇಲಿದೆ. ಚಿಮಣಿಯಿಂದ ಹೊರಡುವ ವಿಷಾನಿಲದಲ್ಲಿ ಎಷ್ಟು ಪಾಲು ಆ ಹಳ್ಳಿಯ ಮಗುವಿನ ಉಸಿರಿಗೆ ಸೇರೀತು? ಕಟ್ಟಿದ ಮೇಲೆ ಅಳೆದು ನೋಡುವುದು ಸುಲಭ. ಆದರೆ ಆ ವೇಳೆಗೆ ಮಗು ಅದನ್ನು ಉಸಿರಾಡಿಯಾಗಿರುತ್ತದೆ. ಆದುದರಿಂದ ಮೊದಲೇ ಲೆಕ್ಕ ಹಾಕಿ ತಿಳಿಯಬೇಕು. ಈ ಲೆಕ್ಕದ ಶಾಸ್ತ್ರಕ್ಕೆ ವಾಯುಮಾಲಿನ್ಯದ ಪ್ರಸರಣ ಗಣನೆ ಎನ್ನಬಹುದು. ಈಚೆಗೆ ಇದನ್ನೆಲ್ಲ ಗಣಕಯಂತ್ರದ ತಂತ್ರಾಂಶಗಳೇ ಮಾಡುತ್ತವೆ. ಯಂತ್ರ ಏನು ಮಾಡುತ್ತದೆ, ಏನನ್ನು ಮಾಡಲಾರದು ಎಂಬುದನ್ನು ಸಾಮಾನ್ಯ ವಾಚಕರೂ ತಿಳಿದಿರುವುದು ಒಳ್ಳೆಯದು.

ಮೂರು ದುರಂತಗಳು

ಈ ಶಾಸ್ತ್ರ ಬೆಳೆದುದು ಕೇವಲ ಕುತೂಹಲದಿಂದಲ್ಲ. 1948ರ ಅಕ್ಟೋಬರ್ ತಿಂಗಳ ಕೊನೆಯ ವಾರದಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದ ಡೊನೋರ ಎಂಬ ಸಣ್ಣ ಪಟ್ಟಣದ ಮೇಲೆ ಹೊಗೆ ಕವಿದು ನಿಂತಿತು. ಪಟ್ಟಣವಿದ್ದುದು ನದಿಯ ಕಣಿವೆಯಲ್ಲಿ; ಅಲ್ಲಿ ಸತುವಿನ ಮತ್ತು ಉಕ್ಕಿನ ಕಾರ್ಖಾನೆಗಳಿದ್ದುವು. ಕೆಲವೇ ದಿನಗಳಲ್ಲಿ 20 ಮಂದಿ ಸತ್ತರು. ಸುಮಾರು 14,000 ಜನಸಂಖ್ಯೆಯಲ್ಲಿ 6,000ದಷ್ಟು ಜನ ಕಾಯಿಲೆ ಬಿದ್ದರು. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ನಗರವನ್ನು ಮುಸುಕಿದ ಹೊಗೆಮಂಜಿನಿಂದ ಸುಮಾರು 4,000 ಮಂದಿ ಹೆಚ್ಚಾಗಿ ಸತ್ತರೆಂದು ಆಗಿನ ಅಂದಾಜು. ಅನಂತರದ ಪರಿಶೀಲನೆಗಳು ಈ ಸಂಖ್ಯೆಯನ್ನು ಇನ್ನೂ ಬಹಳವಾಗಿ ಏರಿಸಿವೆ. ನಮ್ಮ ದೇಶದಲ್ಲಿ 1984ರ ಡಿಸೆಂಬರ್ 2 ಮತ್ತು 3ರ ನಡುವಣ ರಾತ್ರಿ ಭೋಪಾಲದಲ್ಲಿ ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ಅನಿಲ ಹೊರಬಿದ್ದು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು.

ಈ ಮೂರಕ್ಕೂ ಒಂದು ಸಮಾನವಾದ ಅಂಶವುಂಟು. ಮೂರು ಸಲವೂ ಗಾಳಿ ಮಂದವಾಗಿತ್ತು. ನೆಲದ ಬಳಿಯ ಗಾಳಿ ತಣ್ಣಗಿದ್ದು ಮೇಲಿನ ಗಾಳಿಯೊಡನೆ ಬೆರೆಯದೆ ನಿಂತಿತ್ತು. ಡೊನೋರದ ಕಾರ್ಖಾನೆಗಳೂ ಲಂಡನ್ನಿನ ಒಲೆಗಳೂ ಹಿಂದಿನ ತಿಂಗಳುಗಳಲ್ಲಿ ಉರಿಯದೆ ಇರಲಿಲ್ಲ. ಹೊಗೆಯನ್ನು ಒಯ್ದು ಚೆಲ್ಲುತ್ತಿದ್ದ ಗಾಳಿ ಆ ಕೆಲವು ದಿನ ತನ್ನ ಕೆಲಸವನ್ನು ನಿಲ್ಲಿಸಿತ್ತು, ಅಷ್ಟೆ.

ಗಾಳಿಯ ಎರಡು ಕೆಲಸಗಳು

ಹೊಗೆಯ ಮಟ್ಟಿಗೆ ಗಾಳಿ ಮಾಡುವ ಕೆಲಸ ಎರಡು: ಒಂದು ಒಯ್ಯುವುದು, ಇನ್ನೊಂದು ಕಲಕುವುದು. ಒಯ್ಯುವ ಕೆಲಸ ಸರಳವಾದುದು. ಸೆಕೆಂಡಿಗೆ 4 ಮೀಟರ್ ವೇಗದ ಗಾಳಿ ಹೊಗೆಯನ್ನು ಗಂಟೆಗೆ 14 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ದೂರ ಸಾಗಿಸುತ್ತದೆ. ವೇಗ ಎರಡರಷ್ಟಾದರೆ ಅದೇ ಪ್ರಮಾಣದ ಹೊಗೆ ಎರಡರಷ್ಟು ಉದ್ದದ ಗಾಳಿಯಲ್ಲಿ ಹಂಚಿಹೋಗುವುದರಿಂದ ಅದರ ಸಾಂದ್ರತೆ ಅರ್ಧಕ್ಕೆ ಇಳಿಯುತ್ತದೆ.

ಕಲಕುವ ಕೆಲಸವೇ ತೊಡಕಿನದು. ಗಾಳಿಯೆಂಬುದು ನೇರವಾಗಿ ಹರಿಯುವ ಪ್ರವಾಹವಲ್ಲ. ಅದರಲ್ಲಿ ಹಿಡಿಯಷ್ಟು ಸಣ್ಣ ಸುಳಿಗಳಿಂದ ಹಿಡಿದು ಕೆರೆಯಷ್ಟು ದೊಡ್ಡ ಸುಳಿಗಳವರೆಗೆ ನೂರಾರು ಬಗೆಯ ಸುಳಿಗಳಿರುತ್ತವೆ. ಈ ಸುಳಿಗಳೇ ಹೊಗೆಯನ್ನು ಹರಿದು ಹಂಚಿ ಶುದ್ಧವಾದ ಗಾಳಿಯೊಡನೆ ಬೆರೆಸುತ್ತವೆ. ಅಣುಗಳು ತಾವಾಗಿಯೇ ಹರಡುವ ವೇಗ ಇದರ ಮುಂದೆ ಲೆಕ್ಕಕ್ಕಿಲ್ಲ.

ಈ ಸುಳಿಗಳನ್ನು ಗಣಿತಕ್ಕೆ ಒಳಪಡಿಸಿದವರಲ್ಲಿ ಇಂಗ್ಲೆಂಡಿನ ಜಿ. ಐ. ಟೇಲರ್ ಅಗ್ರಗಣ್ಯನು. 1912ರಲ್ಲಿ ಟೈಟಾನಿಕ್ ಹಡಗು ಮುಳುಗಿದ ಮೇಲೆ, ಹಿಮಗಡ್ಡೆಗಳ ಮೇಲೆ ಕಣ್ಣಿಡುವುದಕ್ಕಾಗಿ 1913ರಲ್ಲಿ ಸ್ಕೋಷಿಯ ಎಂಬ ಹಡಗನ್ನು ಉತ್ತರ ಅಟ್ಲಾಂಟಿಕ್ ಸಾಗರಕ್ಕೆ ಕಳುಹಿಸಿದರು. ಟೇಲರನು ಅದರಲ್ಲಿ ಪವನಶಾಸ್ತ್ರಜ್ಞನಾಗಿ ಹೋಗಿ, ಗಾಳಿಪಟಗಳಿಗೆ ಉಪಕರಣಗಳನ್ನು ಕಟ್ಟಿ ಹಾರಿಸಿ, ಸಮುದ್ರದ ಮೇಲಣ ಗಾಳಿಯ ಉಷ್ಣತೆಯನ್ನು ಬೇರೆ ಬೇರೆ ಎತ್ತರಗಳಲ್ಲಿ ಅಳೆದನು. ಆ ಅಳತೆಗಳಿಂದ ಸುಳಿಗಳು ಶಾಖವನ್ನು ಹೇಗೆ ಸಾಗಿಸುತ್ತವೆಂಬುದನ್ನು 1915ರಲ್ಲಿ ವಿವರಿಸಿದನು. 1921ರಲ್ಲಿ, ಸುಳಿಗಳ ಕೈಗೆ ಸಿಕ್ಕ ಕಣವೊಂದು ಕಾಲಕ್ರಮದಲ್ಲಿ ಎಷ್ಟು ದೂರ ಚದರುವುದೆಂಬುದಕ್ಕೆ ಒಂದು ನಿಯಮವನ್ನು ಕೊಟ್ಟನು. ಇಂದಿನ ಲೆಕ್ಕಗಳಿಗೆ ಅದು ತಳಹದಿ.

ಏಳುವ ಗಾಳಿ, ಕೂರುವ ಗಾಳಿ

ಸುಳಿಗಳು ಹಗಲಿನಲ್ಲಿ ಹೆಚ್ಚಾಗಿ ರಾತ್ರಿಯಲ್ಲಿ ಅಡಗುವುದೇಕೆ? ಗಾಳಿ ಮೇಲೇರಿದಂತೆ ಹಿಗ್ಗುತ್ತದೆ, ಹಿಗ್ಗಿದಂತೆ ತಣ್ಣಗಾಗುತ್ತದೆ. ಒಣಗಾಳಿಯ ಒಂದು ಮುದ್ದೆ 100 ಮೀಟರ್ ಏರಿದರೆ ಅದರ ಉಷ್ಣತೆ ಹೆಚ್ಚುಕಡಮೆ 1 ಡಿಗ್ರಿ ಸೆಂಟಿಗ್ರೇಡ್ ಇಳಿಯುತ್ತದೆ. ಈಗ ಅದರ ಸುತ್ತಲಿನ ಗಾಳಿಯನ್ನು ಗಮನಿಸೋಣ. ಬಿಸಿಲಿಗೆ ನೆಲ ಕಾದಿರುವಾಗ ಸುತ್ತಣ ಗಾಳಿಯ ಉಷ್ಣತೆ 100 ಮೀಟರಿಗೆ 1 ಡಿಗ್ರಿಗಿಂತ ಹೆಚ್ಚಾಗಿ ಇಳಿಯುತ್ತಿರಬಹುದು. ಆಗ ಏರಿದ ಮುದ್ದೆ ತನ್ನ ನೆರೆಯ ಗಾಳಿಗಿಂತ ಇನ್ನೂ ಬೆಚ್ಚಗಿರುವುದರಿಂದ ಮತ್ತಷ್ಟು ಏರುತ್ತದೆ. ಇದು ಅಸ್ಥಿರ ಸ್ಥಿತಿ. ಹೊಗೆ ಏಳುತ್ತ ಬೀಳುತ್ತ ಬೇಗ ಚದರುತ್ತದೆ.

ರಾತ್ರಿ ಮೋಡವಿಲ್ಲದಿದ್ದರೆ ನೆಲ ತನ್ನ ಶಾಖವನ್ನು ಆಕಾಶಕ್ಕೆ ಕಳೆದುಕೊಂಡು ತಣ್ಣಗಾಗುತ್ತದೆ. ಅದನ್ನು ಮುಟ್ಟಿಕೊಂಡಿರುವ ಗಾಳಿಯೂ ತಣ್ಣಗಾಗುತ್ತದೆ. ಆಗ ಕೆಳಗೆ ತಂಪು, ಮೇಲೆ ಬಿಸುಪು. ಎಂದರೆ ಉಷ್ಣತೆಯ ಕ್ರಮವೇ ತಲೆಕೆಳಗಾಗುತ್ತದೆ. ಏರಹೊರಟ ಗಾಳಿಯ ಮುದ್ದೆ ನೆರೆಯ ಗಾಳಿಗಿಂತ ತಣ್ಣಗೂ ಭಾರವಾಗಿಯೂ ಇದ್ದು ಮತ್ತೆ ಕೆಳಕ್ಕೆ ಬರುತ್ತದೆ. ಇದು ಸ್ಥಿರ ಸ್ಥಿತಿ. ಇದಕ್ಕೆ ಉಷ್ಣತಾ ವಿಪರ್ಯಯವೆಂದು ಹೆಸರು. ಆಲೆಮನೆಯ ಹೊಗೆಗೆ ಗೆರೆ ಎಳೆದುದು ಇದೇ.

ಗಾಳಿಯ ಈ ಸ್ವಭಾವವನ್ನು ಅಳೆಯಲು ಎತ್ತರದ ಗೋಪುರಗಳೂ ಸೂಕ್ಷ್ಮವಾದ ಉಪಕರಣಗಳೂ ಬೇಕು. ಅವಿಲ್ಲದ ಕಡೆ ಏನು ಗತಿ? ಇಂಗ್ಲೆಂಡಿನ ಪವನಶಾಸ್ತ್ರಜ್ಞ ಫ್ರಾಂಕ್ ಪಾಸ್ಕ್ವಿಲ್ 1961ರಲ್ಲಿ ಇದಕ್ಕೊಂದು ಸರಳೋಪಾಯವನ್ನು ಪ್ರಕಟಿಸಿದನು. ಗಾಳಿಯ ವೇಗವೆಷ್ಟು, ಹಗಲಾದರೆ ಬಿಸಿಲು ಎಷ್ಟು ಪ್ರಖರ, ರಾತ್ರಿಯಾದರೆ ಮೋಡ ಎಷ್ಟು—ಇಷ್ಟನ್ನು ತಿಳಿದರೆ ಸಾಕು. ಗಾಳಿಯನ್ನು ಎ, ಬಿ, ಸಿ, ಡಿ, ಇ, ಎಫ್ ಎಂಬ ಆರು ತರಗತಿಗಳಲ್ಲಿ ಒಂದಕ್ಕೆ ಸೇರಿಸಬಹುದು. ‘ಎ’ ಎಂದರೆ ಸುಡುಬಿಸಿಲಿನ ಮಂದಗಾಳಿಯ ಮಧ್ಯಾಹ್ನ. ‘ಡಿ’ ಎಂದರೆ ಮೋಡ ಕವಿದ, ಗಾಳಿ ಬೀಸುವ ದಿನ. ‘ಎಫ್’ ಎಂದರೆ ನಕ್ಷತ್ರಗಳು ತಿಳಿಯಾಗಿ ಕಾಣುವ, ಎಲೆ ಅಲುಗದ ರಾತ್ರಿ.

ತರಗತಿ ಗೊತ್ತಾದ ಮೇಲೆ ಆ ತರಗತಿಯಲ್ಲಿ ಹೊಗೆ ಎಷ್ಟು ಹರಡುತ್ತದೆಂಬುದು ಗೊತ್ತಾಗಬೇಕಷ್ಟೆ. ಇದಕ್ಕಾಗಿ ನಡೆದ ಪ್ರಯೋಗಗಳಲ್ಲಿ 1956ರ ಬೇಸಗೆಯಲ್ಲಿ ಅಮೆರಿಕದ ನೆಬ್ರಾಸ್ಕದ ಓನೀಲ್ ಎಂಬಲ್ಲಿ ನಡೆದುದು ಬಹು ಪ್ರಸಿದ್ಧವಾದುದು. ಸಮತಟ್ಟಾದ ಹುಲ್ಲುಗಾವಲಿನಲ್ಲಿ, ನೆಲದಿಂದ ಅರ್ಧ ಮೀಟರಿಗೂ ಕಡಮೆ ಎತ್ತರದಲ್ಲಿ, ಗಂಧಕದ ಡೈಆಕ್ಸೈಡನ್ನು ಹತ್ತು ಹತ್ತು ನಿಮಿಷ ಬಿಟ್ಟರು. 50 ಮೀಟರಿನಿಂದ 800 ಮೀಟರಿನವರೆಗೆ ಕಮಾನುಗಳಂತೆ ಸಾಲಾಗಿ ನಿಲ್ಲಿಸಿದ ಉಪಕರಣಗಳು ಗಾಳಿಯನ್ನು ಹೀರಿ ಅದರಲ್ಲಿನ ಅನಿಲವನ್ನು ಅಳೆದುವು. ಹೀಗೆ ದೊರೆತ ಅಳತೆಗಳು ಇಂದಿಗೂ ಹೊಸ ಗಣನೆಗಳನ್ನು ಒರೆಗೆ ಹಚ್ಚುವ ಕಲ್ಲಾಗಿವೆ.

ಕೈಯಲ್ಲಿಯೇ ಒಂದು ಲೆಕ್ಕ

ಹೊಗೆ ಸಾಗುವ ದಾರಿಗೆ ಅಡ್ಡಲಾಗಿ ನಿಂತು ಒಂದು ಗಂಟೆಯ ಸರಾಸರಿ ಸಾಂದ್ರತೆಯನ್ನು ಅಳೆದರೆ, ಅದು ನಡುವೆ ಹೆಚ್ಚಾಗಿಯೂ ಎರಡು ಪಕ್ಕಗಳಲ್ಲಿ ಕ್ರಮೇಣ ಕಡಮೆಯಾಗಿಯೂ ಇರುವುದು ಕಂಡುಬರುತ್ತದೆ. ನಕ್ಷೆ ಬರೆದರೆ ದೇವಸ್ಥಾನದ ಗಂಟೆಯನ್ನು ಕವುಚಿಟ್ಟ ಆಕಾರ. ಗಣಿತಜ್ಞ ಗೌಸನ ಹೆಸರಿನಿಂದ ಪ್ರಸಿದ್ಧವಾದ ರೇಖೆಯಿದು. ಗಂಟೆಯ ಅಗಲವನ್ನು ಸೂಚಿಸುವ ಒಂದು ಸಂಖ್ಯೆಯನ್ನು ‘ಹರವು’ ಎನ್ನೋಣ. ನಡುಗೆರೆಯಿಂದ ಎರಡು ಕಡೆಗೂ ಒಂದೊಂದು ಹರವಿನಷ್ಟು ದೂರದೊಳಗೆ ನೂರಕ್ಕೆ 68 ಪಾಲು ಹೊಗೆ ಅಡಗಿರುತ್ತದೆ. ಅಗಲದಲ್ಲಿ ಒಂದು ಅಡ್ಡಹರವು, ಎತ್ತರದಲ್ಲಿ ಒಂದು ನಿಲುಹರವು—ಹೀಗೆ ಎರಡು ಹರವುಗಳು. ದೂರ ಹೋದಂತೆ ಎರಡೂ ಬೆಳೆಯುತ್ತವೆ. ಎಷ್ಟು ಬೇಗ ಬೆಳೆಯುತ್ತವೆಂಬುದನ್ನು ಮೇಲೆ ಹೇಳಿದ ತರಗತಿ ನಿರ್ಧರಿಸುತ್ತದೆ.

ನೆಲ ಹೊಗೆಯನ್ನು ಹೀರದೆ ಹಿಂದಕ್ಕೆ ಕಳುಹಿಸುತ್ತದೆಂದು ಭಾವಿಸಿದರೆ, ಹೊಗೆಯ ನಡುಗೆರೆಯ ಕೆಳಗೆ ನೆಲದ ಮಟ್ಟದ ಸಾಂದ್ರತೆ ಹೀಗಾಗುತ್ತದೆ:

ಸಾಂದ್ರತೆ = ಹೊರಬೀಳುವ ಪ್ರಮಾಣ ÷ (3.14 × ಗಾಳಿಯ ವೇಗ × ಅಡ್ಡಹರವು × ನಿಲುಹರವು) × ಎತ್ತರದ ಗುಣಕ.

ಎತ್ತರದ ಗುಣಕವನ್ನು ಪಡೆಯುವ ವಿಧಾನ: ಹೊಗೆಯ ಎತ್ತರವನ್ನು ನಿಲುಹರವಿನಿಂದ ಭಾಗಿಸಿ, ವರ್ಗಮಾಡಿ, ಅರ್ಧಮಾಡಬೇಕು, 2.718ನ್ನು ಅಷ್ಟು ಘಾತಕ್ಕೆ ಏರಿಸಿ, ಅದರಿಂದ 1ನ್ನು ಭಾಗಿಸಬೇಕು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ಕಾರ್ಖಾನೆ ಗಂಟೆಗೆ 36 ಟನ್ ಕಲ್ಲಿದ್ದಲನ್ನು ಉರಿಸುತ್ತದೆ. ಕಲ್ಲಿದ್ದಲಿನಲ್ಲಿ ನೂರಕ್ಕೆ ಅರ್ಧ ಪಾಲು ಗಂಧಕವಿದೆ. ಎಂದರೆ ಗಂಟೆಗೆ 180 ಕಿಲೋಗ್ರಾಂ ಗಂಧಕ. ಗಂಧಕದ ಪರಮಾಣು ಭಾರ 32, ಅದರೊಡನೆ ಕೂಡುವ ಎರಡು ಆಮ್ಲಜನಕ ಪರಮಾಣುಗಳ ಭಾರವೂ 32. ಆದುದರಿಂದ ಹುಟ್ಟುವ ಡೈಆಕ್ಸೈಡು 360 ಕಿಲೋಗ್ರಾಂ, ಸೆಕೆಂಡಿಗೆ 100 ಗ್ರಾಂ. ಇನ್ನು ಚಿಮಣಿ ಎಷ್ಟು ಎತ್ತರವಿರಬೇಕು? ನಮ್ಮ ದೇಶದಲ್ಲಿ ಅನೇಕ ಕೈಗಾರಿಕೆಗಳಿಗೆ ಅನ್ವಯಿಸುತ್ತ ಬಂದಿರುವ ಸೂತ್ರವೊಂದುಂಟು: ಗಂಟೆಗೆ ಹೊರಬೀಳುವ ಡೈಆಕ್ಸೈಡಿನ ಕಿಲೋಗ್ರಾಂಗಳನ್ನು 0.3 ಘಾತಕ್ಕೆ ಏರಿಸಿ 14ರಿಂದ ಗುಣಿಸಿದರೆ ಎತ್ತರ ಮೀಟರುಗಳಲ್ಲಿ ಬರುತ್ತದೆ. ನಮ್ಮ ಕಾರ್ಖಾನೆಗೆ ಇದು ಸುಮಾರು 82 ಮೀಟರ್. ಬಿಸಿಯಾದ ಹೊಗೆ ಚಿಮಣಿಯ ಬಾಯಿಂದ ಇನ್ನೂ 18 ಮೀಟರ್ ಮೇಲೇರಿ ಆಮೇಲೆ ಅಡ್ಡಲಾಗಿ ಸಾಗಿತೆನ್ನೋಣ; ಹೊಗೆಯ ಎತ್ತರ 100 ಮೀಟರ್ ಆಯಿತು.

ದಿನ ಮೋಡ ಕವಿದಿದೆ, ಗಾಳಿ ಸೆಕೆಂಡಿಗೆ 4 ಮೀಟರ್, ತರಗತಿ ‘ಡಿ’. ಹಳ್ಳಿಯಿರುವುದು 2 ಕಿಲೋಮೀಟರು ದೂರದಲ್ಲಿ. ಬಯಲುನಾಡಿಗೆ ಬಳಕೆಯಲ್ಲಿರುವ ಸೂತ್ರಗಳ ಪ್ರಕಾರ ಅಲ್ಲಿ ಅಡ್ಡಹರವು 146 ಮೀಟರ್, ನಿಲುಹರವು 60 ಮೀಟರ್. 3.14, 4, 146, 60—ಇವುಗಳ ಗುಣಲಬ್ಧ ಸುಮಾರು 1,10,000. ನೂರು ಗ್ರಾಮನ್ನು ಇದರಿಂದ ಭಾಗಿಸಿದರೆ ಘನ ಮೀಟರಿಗೆ 909 ಮೈಕ್ರೋಗ್ರಾಂ. ಎತ್ತರದ ಗುಣಕ 0.249. ಆದುದರಿಂದ ಹಳ್ಳಿಯಲ್ಲಿ ಉತ್ತರ ಘನ ಮೀಟರಿಗೆ ಸುಮಾರು 226 ಮೈಕ್ರೋಗ್ರಾಂ.

ಬೇರೆ ದೂರಗಳಿಗೂ ಹೀಗೆಯೇ ಲೆಕ್ಕ ಹಾಕಿದರೆ ಅರ್ಧ ಕಿಲೋಮೀಟರಿನಲ್ಲಿ 1 ಮೈಕ್ರೋಗ್ರಾಮಿಗೂ ಕಡಮೆ, 1 ಕಿಲೋಮೀಟರಿನಲ್ಲಿ 85, 4 ಕಿಲೋಮೀಟರಿನಲ್ಲಿ 177, 10 ಕಿಲೋಮೀಟರಿನಲ್ಲಿ 75 ಎಂದು ಬರುತ್ತದೆ. ಇಲ್ಲಿ ಗಮನಿಸಬೇಕಾದುದು, ಚಿಮಣಿಯ ಬುಡದಲ್ಲಿರುವವರಿಗೆ ಹೊಗೆಯ ಸೋಂಕಿಲ್ಲ. ದೀಪದ ಬುಡದಲ್ಲಿ ಕತ್ತಲೆಯಿರುವಂತೆ ಚಿಮಣಿಯ ಬುಡದಲ್ಲಿ ಗಾಳಿ ತಿಳಿಯಾಗಿದೆ. ಅದರ ಫಲವನ್ನು ಉಣ್ಣುವವರು ಎರಡು ಮೂರು ಕಿಲೋಮೀಟರು ದೂರದವರು. ಕಾರ್ಖಾನೆಯ ಅಂಗಳದಲ್ಲಿ ಗಾಳಿಯನ್ನು ಅಳೆದು ‘ಏನೂ ಇಲ್ಲ’ ಎನ್ನುವುದು ಸುಳ್ಳಲ್ಲದಿರಬಹುದು, ಆದರೆ ಪೂರ್ಣವಾದ ಸತ್ಯವೂ ಅಲ್ಲ.

ಈಗ ಮೋಡ ಸರಿದು ಉರಿಬಿಸಿಲು ಬಂದಿತು, ಗಾಳಿ ಸೆಕೆಂಡಿಗೆ 2 ಮೀಟರಿಗೆ ಇಳಿಯಿತು ಎನ್ನಿ; ತರಗತಿ ‘ಎ’. ದೊಡ್ಡ ಸುಳಿಗಳು ಹೊಗೆಯನ್ನು ಎಳೆದು ಕೆಳಕ್ಕೆ ತರುತ್ತವೆ. ಅರ್ಧ ಕಿಲೋಮೀಟರಿನಲ್ಲಿ, ಮೊದಲು 1 ಮೈಕ್ರೋಗ್ರಾಂ ಕೂಡ ಇಲ್ಲದ ಜಾಗದಲ್ಲಿ, ಈಗ 900! ರಾತ್ರಿಯ ‘ಎಫ್’ ತರಗತಿಯಲ್ಲಾದರೋ 2 ಕಿಲೋಮೀಟರಿನಲ್ಲಿ ನಿಲುಹರವು 20 ಮೀಟರ್ ಮಾತ್ರ. ಎತ್ತರದ ಹೊಗೆ ನೆಲಕ್ಕೆ ಇಳಿಯುವುದೇ ಇಲ್ಲ.

ಹಾಗಾದರೆ ಸ್ಥಿರವಾದ ರಾತ್ರಿ ಒಳ್ಳೆಯದೆ? ಎತ್ತರದ ಚಿಮಣಿಯ ಮಟ್ಟಿಗೆ ಹೌದು, ಬೆಳಗಿನ ಬಿಸಿಲು ಕಟ್ಟನ್ನು ಬಿಚ್ಚಿ ರಾತ್ರಿಯ ಹೊಗೆಯನ್ನೆಲ್ಲ ಒಮ್ಮೆಗೇ ಕೆಳಕ್ಕೆ ಇಳಿಸುವವರೆಗೆ. ನೆಲದಲ್ಲಿಯೇ ಹುಟ್ಟುವ ಹೊಗೆಯ ಕಥೆ ಬೇರೆ. ಬೀದಿಬದಿಯ ಕಸಕ್ಕೆ ಹಚ್ಚಿದ ಬೆಂಕಿಯನ್ನೋ ಮೋಟಾರು ಗಾಡಿಗಳ ಹೊಗೆಯನ್ನೋ ತೆಗೆದುಕೊಂಡು ಇದೇ ಸೂತ್ರವನ್ನು ಹಚ್ಚಿದರೆ, ಮೋಡ ಕವಿದ ಹಗಲಿನಲ್ಲಿ 4 ಮೀಟರ್ ವೇಗದ ಗಾಳಿಯಿರುವಾಗ 2 ಕಿಲೋಮೀಟರು ದೂರದಲ್ಲಿ ಇರುವುದಕ್ಕಿಂತ, ರಾತ್ರಿ 2 ಮೀಟರ್ ವೇಗದ ಗಾಳಿಯಲ್ಲಿ ಹನ್ನೆರಡರಷ್ಟು ಹೆಚ್ಚು ಹೊಗೆ ಅಲ್ಲಿರುತ್ತದೆ. ಲಂಡನ್ನಿನಲ್ಲಿ ಜನರನ್ನು ಕೊಂದುದರಲ್ಲಿ ಮನೆಗಳ ತಗ್ಗಿನ ಚಿಮಣಿಗಳ ಪಾಲು ದೊಡ್ಡದೇಕೆಂಬುದು ಇದರಿಂದ ತಿಳಿಯುತ್ತದೆ. ಭೋಪಾಲದ ಅನಿಲವಾದರೋ ಗಾಳಿಗಿಂತ ಭಾರವಾದುದು. ಅದು ಮೇಲೇಳದೆ ನೆಲವನ್ನೇ ಹಿಡಿದು ಹರಿಯಿತು. ಅಂಥ ಭಾರದ ಅನಿಲಗಳಿಗೆ ಮೇಲಿನ ಸೂತ್ರ ಸಾಲದು; ಅವಕ್ಕೆ ಬೇರೆಯೇ ಆದ ಗಣನೆಗಳಿವೆ.

ಗಣಕಯಂತ್ರದ ಪಾಲು

ನಾವು ಮಾಡಿದುದು ಒಂದು ಸ್ಥಳಕ್ಕೆ ಒಂದು ಗಂಟೆಯ ಲೆಕ್ಕ. ವರ್ಷಕ್ಕೆ 8,760 ಗಂಟೆಗಳು. ಕಾರ್ಖಾನೆಯ ಸುತ್ತಣ ಪ್ರದೇಶವನ್ನು ಚೌಕುಳಿಗಳಾಗಿ ಗೆರೆ ಹಾಕಿ, ಉದ್ದಕ್ಕೆ 41, ಅಗಲಕ್ಕೆ 41 ಬಿಂದುಗಳನ್ನಿಟ್ಟರೆ 1,681 ಸ್ಥಳಗಳು. ಒಂದೇ ಚಿಮಣಿಗೆ ಒಂದು ವರ್ಷಕ್ಕೆ ಒಂದು ಕೋಟಿ 47 ಲಕ್ಷ ಸಲ ಈ ಲೆಕ್ಕವನ್ನು ಮಾಡಬೇಕು. ಇದು ಮನುಷ್ಯನ ಕೆಲಸವಲ್ಲ. ಅಮೆರಿಕದ ಬ್ರೂಸ್ ಟರ್ನರನು 1967ರಲ್ಲಿ ಹೊರತಂದ ಕೈಪಿಡಿಯ ಕಾಲದಲ್ಲಿ ನಕ್ಷೆ ಮತ್ತು ಕೋಷ್ಟಕಗಳಿಂದ ಕೈಲೆಕ್ಕ ಮಾಡುತ್ತಿದ್ದರು. 1973ರಲ್ಲಿ ಆ ದೇಶದ ಪರಿಸರ ರಕ್ಷಣಾ ಸಂಸ್ಥೆ ಇಂಥ ಗಣಕ ಕ್ರಮವಿಧಿಗಳ ಒಂದು ಕಟ್ಟನ್ನು ಪ್ರಕಟಿಸಿತು. ಅಲ್ಲಿಂದ ಮುಂದೆ ಬಂದ ಕ್ರಮವಿಧಿಗಳಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವುದು ‘ಏರ್‌ಮಾಡ್’. 2005ರ ಕೊನೆಯಲ್ಲಿ ಅಮೆರಿಕ ಸರಕಾರ ಅದನ್ನು ಅಧಿಕೃತವೆಂದು ಸಾರಿತು. ಅದು ಹಣ ಕೊಡದೆ ಯಾರಿಗಾದರೂ ದೊರೆಯುತ್ತದೆ. ನಮ್ಮ ದೇಶದಲ್ಲಿಯೂ ಬಳಕೆಯಲ್ಲಿದೆ.

ಏರ್‌ಮಾಡ್ ಗಾಳಿಯನ್ನು ಆರು ತರಗತಿಗಳಲ್ಲಿ ತುಂಬುವುದಿಲ್ಲ. ನೆಲ ಕಾಯುವ ಬಗೆ, ನೆಲದ ಒರಟುತನ, ಗಾಳಿಯ ವೇಗ—ಇವುಗಳಿಂದ ಸುಳಿಗಳ ಬಲವನ್ನು ಗಂಟೆಗಂಟೆಗೂ ಲೆಕ್ಕ ಹಾಕುತ್ತದೆ. ಬಿಸಿಲಿನ ಹೊತ್ತು ಏರುವ ಗಾಳಿಯ ಕಂಬಗಳು ಕಿರಿದು, ಇಳಿಯುವ ಗಾಳಿ ವಿಶಾಲ. ಆದುದರಿಂದ ಎತ್ತರದ ದಿಕ್ಕಿನಲ್ಲಿ ಗಂಟೆಯ ಆಕಾರ ಸರಿಹೊಂದದು. ಇದನ್ನೂ ಅದು ಗಣನೆಗೆ ತೆಗೆದುಕೊಳ್ಳುತ್ತದೆ. ಅದಕ್ಕೆ ಎರಡು ಸಹಾಯಕ ಕ್ರಮವಿಧಿಗಳುಂಟು: ಒಂದು ಹವೆಯ ದಾಖಲೆಗಳನ್ನು ಅಣಿಗೊಳಿಸುತ್ತದೆ, ಇನ್ನೊಂದು ಗುಡ್ಡತಗ್ಗುಗಳ ಎತ್ತರವನ್ನು ಒದಗಿಸುತ್ತದೆ. ಕೊನೆಗೆ ದೊರೆಯುವುದು ಬಣ್ಣಬಣ್ಣದ ವಲಯಗಳುಳ್ಳ ಒಂದು ಭೂಪಟ.

ನಾನು ಕಲಿತ ಪಾಠ

ಕಾಲೇಜಿನ ರಜದಲ್ಲಿ ಕೆಲವು ದಿನ ಈ ತಂತ್ರಾಂಶವನ್ನು ಬಳಸುವ ತರಬೇತಿಗೆ ನಾನು ಹೋಗಿದ್ದೆ. ಭೌತಶಾಸ್ತ್ರದ ಅಧ್ಯಾಪಕನಾದ ನನಗೆ ಸೂತ್ರಗಳು ಹೊಸವಲ್ಲ. ಆದುದರಿಂದ ಮೂರನೆಯ ದಿನದ ಅಭ್ಯಾಸಪಾಠವನ್ನು ಎಲ್ಲರಿಗಿಂತ ಮೊದಲು ಮುಗಿಸಿ ಸ್ವಲ್ಪ ಹೆಮ್ಮೆಯಿಂದಲೇ ಕುಳಿತಿದ್ದೆ. ಕರ್ಣಾಟಕದ ಬಯಲುಸೀಮೆಯಲ್ಲಿ ಕಲ್ಪಿಸಿಕೊಂಡ ಒಂದು ಕಾರ್ಖಾನೆ. ಜೂನಿನಿಂದ ಸೆಪ್ಟೆಂಬರಿನವರೆಗಿನ ಗಾಳಿ. ನಕ್ಷೆ ಬಹಳ ಅಂದವಾಗಿ ಬಂದಿತ್ತು. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು, ಬೇಸಾಯದ ಮನೆಯಿಂದ ಬಂದವರು, ನಕ್ಷೆಯನ್ನು ನೋಡಿ ಮೆಲ್ಲಗೆ ಕೇಳಿದರು: “ಅಲ್ಲ ಸ್ವಾಮಿ, ಆಷಾಢದ ಗಾಳಿಗೆ ಹೊಗೆ ಪಡುವಲಕ್ಕೆ ಹೋಗುತ್ತದೆಯೇನು?”

ನಾಚಿಕೆಯಿಂದ ನನ್ನ ಮುಖ ಕೆಂಪಾಯಿತು. ಆಷಾಢದ ಗಾಳಿ ಬೀಸುವುದು ಪಡುವಲಿನಿಂದ ಮೂಡಲಿಗೆ. ಕಣದಲ್ಲಿ ರಾಗಿ ತೂರಿದವರಾರೂ ಗಾಳಿಯ ದಿಕ್ಕಿನಲ್ಲಿ ತಪ್ಪಲಾರರು. ನನ್ನ ನಕ್ಷೆಯಲ್ಲಿ ಹೊಗೆ ತಿರುಗಿ ಹೋಗಿತ್ತು. ಕಾರಣ ಬಹು ಸಣ್ಣದು. ಹವಾಮಾನಶಾಸ್ತ್ರದಲ್ಲಿ ಗಾಳಿಯ ದಿಕ್ಕೆಂದರೆ ಅದು ಎಲ್ಲಿಂದ ಬೀಸುತ್ತದೋ ಆ ದಿಕ್ಕು. ಪಡುವಣ ಗಾಳಿಗೆ 270 ಡಿಗ್ರಿ. ಏರ್‌ಮಾಡ್ ಕೇಳುವುದೂ ಇದನ್ನೇ. ಆದರೆ ಅದಕ್ಕಿಂತ ಹಿಂದಿನ ಕ್ರಮವಿಧಿ, ಗಾಳಿ ಎಲ್ಲಿಗೆ ಹೋಗುತ್ತದೋ ಆ ದಿಕ್ಕನ್ನು, ಎಂದರೆ 90 ಡಿಗ್ರಿಯನ್ನು ಕೇಳುತ್ತಿತ್ತು. ನಾನು ಹಳೆಯ ಕ್ರಮವಿಧಿಗೆ ಸಿದ್ಧಪಡಿಸಿದ್ದ ದಾಖಲೆಯನ್ನು ನೋಡದೆ ಹೊಸದಕ್ಕೆ ಕೊಟ್ಟಿದ್ದೆ. ಯಂತ್ರ ಒಂದು ಮಾತನ್ನೂ ಆಡಲಿಲ್ಲ. ಒಂದು ಕೋಟಿ ಸಲ ಬೇಕಾದರೂ ತಪ್ಪದೆ ಗುಣಿಸಿ ಭಾಗಿಸಿ, ತಪ್ಪು ಉತ್ತರವನ್ನು ಒಪ್ಪವಾಗಿ ಬರೆದು ಕೊಟ್ಟಿತು.

ಅದು ಅಭ್ಯಾಸಪಾಠ, ಯಾರ ಉಸಿರಿಗೂ ತೊಂದರೆಯಾಗಲಿಲ್ಲ. ನಿಜವಾದ ಕಾರ್ಖಾನೆಯಾಗಿದ್ದರೆ? ಮೂಡಲ ಹಳ್ಳಿಗೆ ಬರುವ ಹೊಗೆ ಕಾಗದದ ಮೇಲೆ ಪಡುವಲ ಬಂಜರಿಗೆ ಹೋಗುತ್ತಿತ್ತು. ‘ಜನವಸತಿಗೆ ಬಾಧೆಯಿಲ್ಲ’ ಎಂದು ಯಾರೋ ರುಜು ಹಾಕುತ್ತಿದ್ದರು. ಅಂದಿನಿಂದ ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುವ ನಿಯಮ ಇದು: ಯಂತ್ರಕ್ಕೆ ಕೈಯಿಡುವ ಮೊದಲು ಒಂದು ಗಂಟೆಯ, ಒಂದು ಸ್ಥಳದ ಲೆಕ್ಕವನ್ನು ಕೈಯಲ್ಲಿ ಮಾಡಿ, ಉತ್ತರ ಬಂದ ಮೇಲೆ ಆ ಊರಿನವರನ್ನು ಗಾಳಿಯ ವಿಷಯ ಕೇಳಿ.

ಲೆಕ್ಕ ಮೌನವಾಗುವ ಹೊತ್ತು

ತಪ್ಪುಗಳನ್ನು ತಿದ್ದಬಹುದು, ಆದರೆ ಶಾಸ್ತ್ರಕ್ಕೇ ಇರುವ ಮಿತಿಗಳನ್ನು ಅರಿತು ನಡೆಯಬೇಕು. ನಮ್ಮ ಸೂತ್ರದಲ್ಲಿ ಗಾಳಿಯ ವೇಗದಿಂದ ಭಾಗಿಸುತ್ತೇವೆ. ವೇಗ ಸೊನ್ನೆಯಾದರೆ? ಸೊನ್ನೆಯಿಂದ ಭಾಗಿಸುವಂತಿಲ್ಲ. ಆದುದರಿಂದ ಗಾಳಿ ನಿಂತ ಗಂಟೆಗಳನ್ನು ಈ ಕ್ರಮವಿಧಿಗಳು ಲೆಕ್ಕದಿಂದ ಬಿಟ್ಟುಬಿಡುತ್ತವೆ. ಡೊನೋರದಲ್ಲಿಯೂ ಲಂಡನ್ನಿನಲ್ಲಿಯೂ ಜನ ಸತ್ತುದು ಗಾಳಿ ನಿಂತಾಗ. ನಮ್ಮಲ್ಲಿಯೂ ಚಳಿಗಾಲದ ರಾತ್ರಿಗಳಲ್ಲಿ ಅಂಥ ಗಂಟೆಗಳು ಅಪರೂಪವಲ್ಲ. ಎಲ್ಲಕ್ಕಿಂತ ಕೆಟ್ಟ ಹೊತ್ತಿನಲ್ಲಿಯೇ ಲೆಕ್ಕ ಬಾಯಿ ಮುಚ್ಚಿಕೊಳ್ಳುತ್ತದೆ. ಅಂಥ ಕಡೆ ಹೊಗೆಯನ್ನು ಬಿಡಿಬಿಡಿಯಾದ ಮುದ್ದೆಗಳೆಂದು ಭಾವಿಸಿ ಒಂದೊಂದನ್ನೂ ಹಿಂಬಾಲಿಸುವ ‘ಕ್ಯಾಲ್‌ಪಫ್’ನಂಥ ಬೇರೆ ಗಣನೆಗಳನ್ನು ಆಶ್ರಯಿಸಬೇಕು, ನೆಲದ ಮೇಲೆ ಉಪಕರಣವಿಟ್ಟು ಅಳೆಯುವುದನ್ನಂತೂ ಬಿಡಲೇಬಾರದು.

ಇನ್ನೊಂದು ಮಿತಿಯೆಂದರೆ, ನೆಬ್ರಾಸ್ಕದ ಹುಲ್ಲುಗಾವಲಿನಲ್ಲಿ 800 ಮೀಟರಿನವರೆಗೆ ಅಳೆದುದನ್ನು ಸಹ್ಯಾದ್ರಿಯ ಕಣಿವೆಗೆ 10 ಕಿಲೋಮೀಟರಿನವರೆಗೆ ಎಳೆದಾಗ ಸಂಶಯಕ್ಕೆ ಎಡೆಯಿರುವುದು ಸಹಜ. ಲೆಕ್ಕದ ಉತ್ತರ ಅಳತೆಯ ಎರಡರಷ್ಟರಿಂದ ಅರ್ಧದವರೆಗಿನ ಮೇರೆಯೊಳಗಿದ್ದರೆ ತಜ್ಞರು ಅದನ್ನು ಒಳ್ಳೆಯ ಲೆಕ್ಕವೆಂದೇ ಎಣಿಸುತ್ತಾರೆ. 226 ಎಂಬ ನಮ್ಮ ಉತ್ತರದ ಕೊನೆಯ 6ರಲ್ಲಿ ಹೆಚ್ಚು ನಂಬಿಕೆಯಿಡಬೇಕಾಗಿಲ್ಲ.

ಓದುವವನ ಹೊಣೆ

ಭಾರತದಲ್ಲಿ ವಾಯುಮಾಲಿನ್ಯವನ್ನು ತಡೆಯುವ ಕಾಯಿದೆ 1981ರಲ್ಲಿ ಬಂದಿತು. 2009ರಲ್ಲಿ ಗೊತ್ತುಪಡಿಸಿದ ಮಟ್ಟದ ಪ್ರಕಾರ ಗಂಧಕದ ಡೈಆಕ್ಸೈಡು 24 ಗಂಟೆಗಳ ಸರಾಸರಿಯಲ್ಲಿ ಘನ ಮೀಟರಿಗೆ 80 ಮೈಕ್ರೋಗ್ರಾಂ ಮೀರಬಾರದು. ನಮ್ಮ 226 ಒಂದು ಗಂಟೆಯ ಸಂಖ್ಯೆ. ದಿನವಿಡೀ ಗಾಳಿ ಒಂದೇ ಗೆರೆಯಲ್ಲಿ ಬೀಸದು. ಆದುದರಿಂದ ಇವೆರಡನ್ನೂ ನೇರವಾಗಿ ಹೋಲಿಸಲಾಗದು. ಇಂಥ ಹೋಲಿಕೆಯ ತಪ್ಪನ್ನು ಕಾರ್ಖಾನೆಯ ಪರವಾಗಿಯೂ ಮಾಡಬಾರದು, ವಿರೋಧವಾಗಿಯೂ ಮಾಡಬಾರದು.

2006ರ ಪ್ರಕಟಣೆಯ ಪ್ರಕಾರ ದೊಡ್ಡ ಯೋಜನೆಗಳಲ್ಲಿ ಬಹುಪಾಲಿಗೆ ಅನುಮತಿ ಕೊಡುವ ಮೊದಲು ಪರಿಸರದ ಮೇಲಿನ ಪರಿಣಾಮವನ್ನು ವರದಿ ಮಾಡಿ, ಅದರ ಸಾರಾಂಶವನ್ನು ಸ್ಥಳದ ಭಾಷೆಯಲ್ಲಿಯೂ ಒದಗಿಸಿ, ಜನರ ಅಹವಾಲನ್ನು ಕೇಳಬೇಕು. ಆ ವರದಿಯಲ್ಲಿ ನಾವು ಇಲ್ಲಿಯವರೆಗೆ ಹೇಳಿದ ಬಣ್ಣದ ನಕ್ಷೆ ಇರುತ್ತದೆ. ಅದನ್ನು ಕಂಡು ಬೆರಗಾಗಬೇಕಾದುದಿಲ್ಲ, ಸುಳ್ಳೆಂದು ತಳ್ಳಿಬಿಡಬೇಕಾದುದೂ ಇಲ್ಲ. ಕೆಲವು ಪ್ರಶ್ನೆಗಳನ್ನು ಕೇಳಿದರೆ ಸಾಕು. ಗಾಳಿಯ ದಾಖಲೆ ಯಾವ ಊರಿನದು, ಎಷ್ಟು ತಿಂಗಳಿನದು? ಮಳೆಗಾಲವಲ್ಲದ ಒಂದೇ ಋತುವಿನ ದಾಖಲೆಯಾದರೆ ಆಷಾಢದ ಗಾಳಿ ಅದರಲ್ಲಿರುವುದಿಲ್ಲ. ನಿಂತ ಗಾಳಿಯ ಗಂಟೆಗಳು ಎಷ್ಟಿದ್ದುವು, ಅವನ್ನು ಏನು ಮಾಡಿದಿರಿ? ಈಗಾಗಲೇ ಗಾಳಿಯಲ್ಲಿರುವ ಮಾಲಿನ್ಯವನ್ನು ಕಾರ್ಖಾನೆಯ ಪಾಲಿಗೆ ಕೂಡಿಸಿದಿರಾ? ಕೊಟ್ಟ ಸಂಖ್ಯೆ ಒಂದು ಗಂಟೆಯದೋ, ಒಂದು ದಿನದ್ದೋ, ವರ್ಷದ್ದೋ? ನಮ್ಮ ಶಾಲೆ ಇರುವ ಜಾಗದಲ್ಲಿ ಎಷ್ಟು?

ಇವನ್ನು ಕೇಳುವುದಕ್ಕೆ ಪದವಿ ಬೇಕಿಲ್ಲ. ಗಾಳಿ ಬಂದಾಗ ತೂರಿಕೊ ಎಂಬ ಗಾದೆಯನ್ನು ಕಟ್ಟಿದವರು ಗಾಳಿಯ ಗುಣವನ್ನು ಬಲ್ಲವರಾಗಿದ್ದರು. ಕಾಳು ಎಲ್ಲಿ ಬೀಳುವುದು, ಹೊಟ್ಟು ಎಲ್ಲಿಗೆ ಹಾರುವುದು ಎಂಬ ಅವರ ಅರಿವೂ ಒಂದು ಬಗೆಯ ಪ್ರಸರಣ ಗಣನೆಯೇ. ಗಣಕಯಂತ್ರ ಆ ಅರಿವಿಗೆ ವೇಗವನ್ನೂ ವಿಸ್ತಾರವನ್ನೂ ಕೊಟ್ಟಿದೆ. ದಿಕ್ಕನ್ನು ಮಾತ್ರ ನಾವೇ ನೋಡಿ ಹೇಳಬೇಕಾಗಿದೆ.